ಒಬ್ಬ ಹೆಂಗಸು, ನಾಲ್ಕು ಮಕ್ಕಳು

ರಿಗ್ಗೈ, ಕುವೈತ್
21 ಏಪ್ರಿಲ್ 1991, ಭಾನುವಾರ

ಪ್ರೀತಿಯ ಅನ್ನಪೂರ್ಣಾ,

ನಿನಗೂ ಮಗಳು ಸಾಕ್ಷಿಗೂ ನನ್ನ ಆಶೀರ್ವಾದಗಳು. ನಿಮ್ಮಣ್ಣನಿಗೂ ವೈನಿಯವರಿಗೂ ನಮಸ್ಕಾರ ತಿಳಿಸು. ನಾನು ಜೀವದಿಂದ ಇದ್ದೇನೆ, ಕೈಕಾಲು ನೆಟ್ಟಗಿವೆ, ಹೊತ್ತಿಗೆ ಊಟ ಸಿಗುತ್ತಿದೆ. ಇಷ್ಟನ್ನು ಮೊದಲು ಓದಿಕೊಂಡು, ಒಲೆಯ ಮೇಲೆ ಏನಾದರೂ ಇದ್ದರೆ ಇಳಿಸಿ ಬಂದು, ಆಮೇಲೆ ಮುಂದಿನದನ್ನು ಓದು. ಪತ್ರ ಉದ್ದವಿದೆ.

ಸಿಟ್ಟಾಗಿದ್ದೀಯ ಎಂದು ಗೊತ್ತು. ನೀವು ಸೆಪ್ಟೆಂಬರಿನಲ್ಲಿ ಬಸ್ಸು ಹತ್ತಿ ಹೋದ ಮೇಲೆ ನಾನು ಅವರಿವರ ಕೈಯಲ್ಲಿ ಕಳಿಸಿದ ಚೀಟಿಗಳಲ್ಲಿ "ಕ್ಷೇಮ, ಚಿಂತೆ ಬೇಡ, ಪ್ಲಾಂಟ್ ನಡೆಯುತ್ತಿದೆ" ಎಂಬುದರ ಹೊರತು ಏನೂ ಇರಲಿಲ್ಲ. "ಅವರಿಗೆ ಬರೆಯೂದು ಮರೆತದೇನು ಕೇಳ್ರಿ" ಅಂತ ನೀನು ಹೇಳಿ ಕಳಿಸಿದ್ದು ನನಗೆ ಮುಟ್ಟಿದೆ. ಕೇಳಿ ನಕ್ಕೆ. ಬರೆಯುವುದು ಮರೆತಿರಲಿಲ್ಲ. ಬರೆಯುವ ಹಾಗಿರಲಿಲ್ಲ. ಗಡಿ ದಾಟುವವರೆಗೆ ಅಲ್ಲಲ್ಲಿ ಸೈನಿಕರು ಚೀಲ ಬಿಚ್ಚಿಸಿ ನೋಡುತ್ತಿದ್ದರು, ಪತ್ರ ಹೊತ್ತವನ ಪ್ರಾಣಕ್ಕೇ ಕುತ್ತು. ಮತ್ತೆ, ನಮ್ಮ ಮನೆಯಲ್ಲಿ ಒಬ್ಬರು ಅಡಗಿದ್ದರು. ಅವರ ವಿಷಯ ಬಿಟ್ಟು ಬೇರೆ ಏನು ಬರೆದರೂ ಅದು ನಿನಗೆ ಹೇಳಿದ ಸುಳ್ಳಾಗುತ್ತಿತ್ತು. ನಾಳೆ ಉಮ್ಮರ್ ಕುಂಞಿ ಊರಿಗೆ ಹೊರಟಿದ್ದಾರೆ. ಅದೇ, ಕೆಳಗಿನ ಅಂಗಡಿಗೆ ಖುಬೂಸ್ ರೊಟ್ಟಿ ತರುತ್ತಿದ್ದ ಬೇಕರಿ ವ್ಯಾನಿನ ಉಪ್ಪಳದವರು. ಅವರ ಕೈಯಲ್ಲಿ ಈ ಪತ್ರ ಕೊಡುತ್ತಿದ್ದೇನೆ. ಅವರೂ ಈ ಕಥೆಯಲ್ಲಿ ಇರುವುದರಿಂದ, ನಾನು ಬಿಟ್ಟದ್ದನ್ನು ಅವರು ತುಂಬಿಸುತ್ತಾರೆ. ಸ್ವಲ್ಪ ಹೆಚ್ಚೇ ತುಂಬಿಸಿಯಾರು, ಎಚ್ಚರವಿರಲಿ.

ಮೊದಲು ಮನೆಯ ಸುದ್ದಿ. ಕರೆಂಟು ಬಂದಿದೆ. ನೀರು ದಿನ ಬಿಟ್ಟು ದಿನ ಬರುತ್ತದೆ. ಇರಾಕಿನವರು ಸೋತು ಹೋಗುವಾಗ ಬೆಂಕಿ ಇಟ್ಟ ಎಣ್ಣೆ ಬಾವಿಗಳು ಇನ್ನೂ ಉರಿಯುತ್ತಿವೆ. ಗಾಳಿ ಈ ಕಡೆ ತಿರುಗಿದರೆ ಮಧ್ಯಾಹ್ನವೇ ದೀಪ ಹಚ್ಚಬೇಕು. ಹೊರಗೆ ಒಣಗಿಸಿದ ಬಿಳಿ ಅಂಗಿಯ ಮೇಲೆ ಕಪ್ಪು ಹನಿ ಬೀಳುತ್ತದೆ. ಯುಗಾದಿಗೆ ಬೇವು ಸಿಗಲಿಲ್ಲ, ಆಕಾಶವೇ ಕಹಿಯಾಗಿತ್ತು, ಸಾಕು ಅಂದುಕೊಂಡೆ. ಡಿಸೆಂಬರಿನಲ್ಲಿ ನಾನು ಕೆಲಸಕ್ಕೆ ಹೋದಾಗ ಯಾರೋ ಬಾಗಿಲು ಒಡೆದು ಫ್ರಿಜ್ಜು, ಟಿವಿ ಒಯ್ದರು. ನಿನ್ನ ರೊಟ್ಟಿ ಹಂಚನ್ನು ಮಾತ್ರ ಎತ್ತಿ ನೋಡಿ ಅಲ್ಲೇ ಬಿಟ್ಟು ಹೋಗಿದ್ದಾರೆ. ಅದರ ಬೆಲೆ ತಿಳಿಯದವರು.

ಇನ್ನು ನಿಜವಾದ ವಿಷಯ.

ನಿನಗೆ ಬೊನವೆಂಚರ್ ಸಾಹೇಬರ ನೆನಪಿರಬೇಕು. ಕಡಲ ನೀರನ್ನು ಸಿಹಿ ಮಾಡುವ ನಮ್ಮ ಪ್ಲಾಂಟಿಗೆ ಸಲಹೆ ಕೊಡಲು ಬರುತ್ತಿದ್ದ ಕೆನಡಾದ ಎಂಜಿನಿಯರ್, ಅರವತ್ತು ದಾಟಿದವರು, ಹೆಂಡತಿ ತೀರಿಕೊಂಡಿದ್ದಾರೆ. ನೀನು ಡಬ್ಬಿಯಲ್ಲಿ ಕಳಿಸಿದ ಶೇಂಗಾ ಚಟ್ನಿ ತಿಂದು ಕಣ್ಣಲ್ಲಿ ನೀರು ಬಂದರೂ ಇನ್ನೊಮ್ಮೆ ಕೈ ಚಾಚಿದವರು. ಇರಾಕಿನ ಸೈನ್ಯ ಬಂದ ಮೇಲೆ ಬಿಳಿಯರನ್ನೆಲ್ಲ ಹುಡುಕಿ ಹಿಡಿದು "ನೀವು ನಮ್ಮ ಅತಿಥಿಗಳು" ಎಂದು ಹೇಳಿ ಎಲ್ಲೆಲ್ಲೋ ಒಯ್ದಿಡುತ್ತಿದ್ದರಲ್ಲ, ಆಗ ಇವರು ಮಿರ್ಕಾಬಿನ ಒಬ್ಬ ಕುವೈತಿ ಗೆಳೆಯನ ಮನೆಯ ಮಾಳಿಗೆಯಲ್ಲಿ ಅಡಗಿದ್ದರು. ಆ ಗೆಳೆಯನನ್ನೇ ಹಿಡಿದುಕೊಂಡು ಹೋದರು. ನೀವು ಹೊರಟ ಮರುವಾರ, ಮಧ್ಯಾಹ್ನದ ಉರಿಬಿಸಿಲಿನಲ್ಲಿ, ಆ ಮನೆಗೂ ರೊಟ್ಟಿ ತಲುಪಿಸುತ್ತಿದ್ದ ಉಮ್ಮರ್ ಕುಂಞಿ ನಮ್ಮ ಬಾಗಿಲು ಬಡಿದು, "ಸಂಗಪ್ಪಣ್ಣ, ಒಂದು ಮೂಟೆ ಉಂಟು, ಎರಡು ಜನ ಬೇಕು ಎತ್ಲಿಕ್ಕೆ" ಎಂದರು. ಕೆಳಗೆ ಹೋಗಿ ನೋಡಿದರೆ ಹಿಟ್ಟಿನ ಚೀಲಗಳ ಅಡಿಯಲ್ಲಿ ಸಾಹೇಬರು, ಮೈಯೆಲ್ಲ ಮೈದಾ. "ಬೇರೆ ಎಲ್ಲಿಗೆ ಕೊಂಡು ಹೋಗುದು ಮಾರಾಯ್ರೆ? ನಿಮ್ಮ ಹೆಸರು ಇವರೇ ಹೇಳಿದ್ದು."

ಬಿಳಿಯರನ್ನು ಅಡಗಿಸಿದವರಿಗೆ ಗಲ್ಲು ಎಂದು ಸಾರಿದ್ದರು. ನಾನು ಧೈರ್ಯದವನಲ್ಲ ಎಂಬುದು ನಿನಗೆ ಗೊತ್ತು. ಹಲ್ಲಿ ಮೈಮೇಲೆ ಬಿದ್ದರೆ ಕುಣಿಯುವವನು ನಾನು. ಆದರೆ ಮೈದಾ ಮೆತ್ತಿದ ಆ ಮುಖ ನೋಡಿ ಬೇಡ ಎನ್ನಲು ನಾಲಿಗೆ ಏಳಲಿಲ್ಲ. ಸಾಕ್ಷಿಯ ಕೋಣೆ ಬಿಟ್ಟುಕೊಟ್ಟೆ. ಅವಳ ಮಂಚದಿಂದ ಅವರ ಕಾಲು ಮೊಳಕಾಲುದ್ದ ಹೊರಗೆ. ನಾನು ಮನೆಯಲ್ಲಿಲ್ಲದಾಗ ನಲ್ಲಿ ತಿರುಗಿಸಬಾರದು, ಕೆಮ್ಮಬಾರದು, ಬರಿಗಾಲಲ್ಲಿ ಓಡಾಡಬೇಕು, ಇದು ನಿಯಮ.

ನಮ್ಮ ಮಹಡಿಯಲ್ಲೇ ಇದ್ದ ನರ್ಸ್ ಸಿಸಿಲಿಯಾಗೆ ಹೇಳದೆ ಆಗಲಿಲ್ಲ, ಗೋಡೆ ಒಂದೇ ಅಲ್ಲವೆ. ಹೆಸರು ಕೇಳಿದ್ದೇ ಅವಳು ಬಾಯಿಗೆ ಸೆರಗು ಹಿಡಿದು ನಕ್ಕಳು. "ಬೊನವೆಂಚರ್? ನಮ್ಮ ಬಂಟ್ವಾಳದ ಮಾವನ ಹೆಸರೂ ಅದೇ! ಇವರು ಕೆನಡಾದವರು ಹೇಗಾದರು?" ಸಾಹೇಬರಿಗೂ ತಮ್ಮ ಹೆಸರು ಮಂಗಳೂರಿನಲ್ಲಿ ಇದೆಯೆಂದು ಕೇಳಿ ಬಹಳ ಖುಷಿ. ಅವರ ಸೀಮೆಯಲ್ಲಿ ಫ್ರೆಂಚ್ ಮಾತಾಡುತ್ತಾರಂತೆ, ಅಲ್ಲಿ ಇದು ಹಳೆಯ ಕಾಲದ ಹೆಸರಂತೆ.

ಖುಷಿ ಹೆಚ್ಚು ದಿನ ಉಳಿಯಲಿಲ್ಲ. ಅಕ್ಟೋಬರಿನಲ್ಲಿ ಅವರು ಊಟ ಬಿಟ್ಟರು. ಗೋಡೆಗೆ ಮುಖ ಮಾಡಿ ಮಲಗುತ್ತಿದ್ದರು. ಒಂದು ಸಂಜೆ ಕರೆಂಟು ಹೋಗಿ ನಾನು ಸೆಕೆ ಸೆಕೆ ಎಂದು ಒದ್ದಾಡುತ್ತಿದ್ದಾಗ ಅವರು ಗೋಡೆಯ ಕಡೆಯಿಂದಲೇ ಅಂದರು: "ಸಂಗಪ್ಪ, ನಾನು ಸಾಕಷ್ಟು ಚಳಿ ಕಂಡಿದ್ದೇನೆ. ಬೇಕಾದರೆ ನಿನಗೂ ಸ್ವಲ್ಪ ಕೊಡುತ್ತೇನೆ."

ಹಾಗೆ ಶುರುವಾಯಿತು ಆ ಕಥೆ. ಅವರು ಇಪ್ಪತ್ತಾರರ ಹರೆಯದಲ್ಲಿ ಕೆನಡಾದ ಉತ್ತರದಲ್ಲಿ, ಹಡ್ಸನ್ ಕೊಲ್ಲಿಯ ಬಾಯಲ್ಲಿರುವ ಒಂದು ದೊಡ್ಡ ದ್ವೀಪದಲ್ಲಿ, ವಿಮಾನ ಇಳಿಯುವ ಪಟ್ಟಿಯ ಹತ್ತಿರ ರೇಡಿಯೋ ಕೆಲಸಕ್ಕಿದ್ದರಂತೆ. ಮರವೇ ಇಲ್ಲದ ನೆಲ. ಅಲ್ಲಿಯ ಜನ ಆ ದ್ವೀಪವನ್ನು ಸಲ್ಲಿಕ್ ಎನ್ನುತ್ತಾರೆ. ಒಂದು ಬೇಸಿಗೆಯಲ್ಲಿ ಹಳೆಯ ಮನೆಗಳನ್ನು ಅಗೆದು ನೋಡುವ ವಿದ್ವಾಂಸರು ಬಂದಾಗ ಇವರೂ ಸಲಿಕೆ ಹಿಡಿದು ಜೊತೆಗೆ ಹೋದರಂತೆ. ಅರ್ಧ ನೆಲದೊಳಗೆ ಇಳಿದ ಕಲ್ಲಿನ ಮನೆಗಳು. ಬಾಗಿಲಿಗೆ ತೆವಳಿಕೊಂಡು ಹೋಗಬೇಕು. ಒಳಗೆ ದೀಪ ಉರಿಸಿದ ಕಲ್ಲು, ಮಲಗುವ ಜಗಲಿ, ಎಲ್ಲ ಇದೆ, ಜನ ಮಾತ್ರ ಇಲ್ಲ.

ನಾನು "ಎಸ್ಕಿಮೋಗಳಾ?" ಎಂದೆ. ಅವರು ತಮ್ಮನ್ನು ಇನುಯಿಟ್ ಎಂದು ಕರೆದುಕೊಳ್ಳುತ್ತಾರೆ, ಅಂದರೆ ಜನ ಎಂದು ಅರ್ಥ, ಎಂದು ಸಾಹೇಬರು ತಿದ್ದಿದರು. ಆ ದ್ವೀಪದಲ್ಲಿದ್ದ ಗುಂಪಿಗೆ ಸಡ್ಲರ್ಮ್ಯೂತ್ ಎಂದು ಹೆಸರು. ಅವರು ಯಾರೊಂದಿಗೂ ಬೆರೆಯದೆ ಉಳಿದಿದ್ದರು. ಸುತ್ತಲಿನ ಇನುಯಿಟರಿಗೇ ಅವರ ಮಾತು ವಿಚಿತ್ರವಾಗಿ ಕೇಳುತ್ತಿತ್ತಂತೆ. ಗಂಡಸರು ಕೂದಲನ್ನು ಹಣೆಯ ಮೇಲೆ ದೊಡ್ಡ ಗಂಟಾಗಿ ಕಟ್ಟುತ್ತಿದ್ದರು. ಉಳಿದವರ ಕೈಗೆ ಕಬ್ಬಿಣ ಬಂದ ಮೇಲೂ ಇವರದು ಕಲ್ಲು ಚಕ್ಕೆಯ ಕತ್ತಿಯೇ. ಹಿಂದೊಮ್ಮೆ ಬಿಳಿಯರ ಹಡಗು ಕಂಡಾಗ ಅವರಲ್ಲೊಬ್ಬ, ಗಾಳಿ ತುಂಬಿದ ಸೀಲ್ ಚರ್ಮದ ಚೀಲಗಳ ಮೇಲೆ ಕೂತು, ಕಾಲು ನೀರಿನಲ್ಲಿ ಇಳಿಬಿಟ್ಟುಕೊಂಡು ಎದುರು ಬಂದನಂತೆ. ನಮ್ಮ ಕಡೆ ಸೋರೆಬುರುಡೆ ಕಟ್ಟಿಕೊಂಡು ತುಂಬಿದ ಹೊಳೆ ದಾಟುತ್ತಾರೆ ಎಂದು ನಾನು ಹೇಳಿದೆ. ಸಾಹೇಬರು ಎದ್ದು ಕೂತರು. ಸೋರೆಬುರುಡೆ ಎಂದರೇನು, ಹೇಗೆ ಕಟ್ಟುತ್ತಾರೆ, ಎಲ್ಲ ಕೇಳಿದರು. ಆ ದಿನ ರೊಟ್ಟಿಯನ್ನೂ ತಿಂದರು.

ಆಮೇಲೆ ದಿನವೂ ಅದೇ ಮಾತು. ಸಾಯಂಕಾಲ ನಾನು ಹಿಟ್ಟು ನಾದುವಾಗ ಸಿಸಿಲಿಯಾ ಬರುತ್ತಿದ್ದಳು, ವ್ಯಾನು ನಿಲ್ಲಿಸಿ ಉಮ್ಮರ್ ಕುಂಞಿಯೂ ಬರುತ್ತಿದ್ದರು. ಆ ಜನ ಎಲ್ಲಿಂದ ಬಂದವರು ಎಂಬುದರ ಮೇಲೆ ನಮ್ಮ ಅಡುಗೆಮನೆಯಲ್ಲಿ ದೊಡ್ಡ ಚರ್ಚೆ. ಇನುಯಿಟರಿಗಿಂತ ಮೊದಲು ಆ ಹಿಮದ ಸೀಮೆಯಲ್ಲಿದ್ದ ಬೇರೆಯೇ ಒಂದು ಪ್ರಾಚೀನ ಜನಾಂಗದ ಕೊನೆಯ ಕುಡಿ ಇವರು ಎಂದು ಕೆಲವು ವಿದ್ವಾಂಸರ ವಾದ. ಹಾಗೇನಿಲ್ಲ, ಉಳಿದ ಇನುಯಿಟರ ಸಂಬಂಧಿಕರೇ, ದ್ವೀಪದಲ್ಲಿ ಒಂಟಿಯಾಗಿ ಉಳಿದು ಬೇರೆಯಾದರು ಎಂದು ಇನ್ನು ಕೆಲವರು. ಸಾಹೇಬರು, "ನನಗೆ ಗೊತ್ತಿಲ್ಲ. ಕಲ್ಲು, ಎಲುಬು ಇಟ್ಟುಕೊಂಡು ಊಹಿಸುತ್ತಾರೆ. ಅವರನ್ನೇ ಕೇಳಬಹುದಾಗಿದ್ದ ಕಾಲದಲ್ಲಿ ಯಾರೂ ಕೂತು ಸರಿಯಾಗಿ ಕೇಳಲಿಲ್ಲ" ಎಂದರು.

"ನಮ್ಮ ಬ್ಯಾರಿಗಳದ್ದೂ ಅದೇ ಕಥೆ," ಉಮ್ಮರ್ ಕುಂಞಿ ಹೇಳಿದರು. "ಅರಬ್ಬಿನವರು ಹಡಗಲ್ಲಿ ಬಂದದ್ದು ಅಂತ ಒಬ್ಬ ಹೇಳ್ತಾನೆ, ಇಲ್ಲಿಯವರೇ ಅಂತ ಇನ್ನೊಬ್ಬ. ನನ್ನ ಉಮ್ಮ ಹೇಳುದು, ನೀನು ನನ್ನ ಹೊಟ್ಟೆಯಿಂದ ಬಂದದ್ದು, ಬಾಕಿ ಎಲ್ಲ ಗಲಾಟೆ ಬಿಡು ಅಂತ."

ನಕ್ಕೆವು, ದನಿ ತಗ್ಗಿಸಿಕೊಂಡೇ. ನೀನಿದ್ದಾಗ ಶುಕ್ರವಾರ ಬಂತೆಂದರೆ ಈ ಬೀದಿಯಲ್ಲಿ ತುಳು, ಕನ್ನಡ, ಕೊಂಕಣಿ ಎಲ್ಲ ಕೇಳುತ್ತಿತ್ತು. ಈಗ ಇಡೀ ರಿಗ್ಗೈನಲ್ಲಿ ನನ್ನೊಂದಿಗೆ ಕನ್ನಡ ಮಾತಾಡಲು ಇವರಿಬ್ಬರೇ ಉಳಿದಿದ್ದರು.

ಆ ದ್ವೀಪದ ಜನ ಹೇಗೆ ಇಲ್ಲವಾದರು ಎಂಬುದನ್ನು ಸಾಹೇಬರು ಕೊನೆಗೆ ಹೇಳಿದರು. 1902ರಲ್ಲಿ ತಿಮಿಂಗಿಲ ಬೇಟೆಯ ಒಂದು ಹಡಗು ಅಲ್ಲಿಗೆ ಬಂತು. ಅದರಲ್ಲೊಬ್ಬ ನಾವಿಕನಿಗೆ ಹೊಟ್ಟೆ ಕೆಡುವ ರೋಗವಿತ್ತು ಎನ್ನುತ್ತಾರೆ. ದ್ವೀಪದವರು ಹಡಗಿಗೆ ಹೋಗಿ ಬಂದರು. ಆಗ ಅವರು ಹೆಚ್ಚೆಂದರೆ ಐವತ್ತು ಅರವತ್ತು ಜನ ಉಳಿದಿದ್ದರು. ಹಡಗು ತನ್ನ ದಾರಿ ಹಿಡಿದು ಹೋಯಿತು. ಚಳಿಗಾಲ ಕಳೆದು ನೋಡಿದಾಗ ಉಳಿದವರು ಒಬ್ಬ ಹೆಂಗಸು, ನಾಲ್ಕು ಮಕ್ಕಳು.

ಸಿಸಿಲಿಯಾ ಶಿಲುಬೆಯ ಗುರುತು ಮಾಡಿಕೊಂಡಳು. ನಾನು ಕೇಳಿದೆ, "ಮಕ್ಕಳು?"

"ಬೇರೆ ಇನುಯಿಟ್ ಮನೆಗಳವರು ಕರೆದುಕೊಂಡು ಸಾಕಿದರು. ಅವರ ಮನೆಯ ಮಕ್ಕಳಾಗಿ ಬೆಳೆದವು."

"ಆ ಹೆಂಗಸು?"

"ಅವಳ ಹೆಸರು ನನಗೆ ಗೊತ್ತಿಲ್ಲ ಸಂಗಪ್ಪ."

"ಅವಳು ತನ್ನ ಮಾತಿನಲ್ಲಿ ಯಾರ ಜೊತೆ ಮಾತಾಡಿದ್ದಾಳು?"

ಸಾಹೇಬರು ತಟ್ಟೆಯ ರೊಟ್ಟಿಯನ್ನು ಎರಡಾಗಿ ಮುರಿದು ಅರ್ಧ ನನ್ನ ಮುಂದೆ ಇಟ್ಟರು.

ನವೆಂಬರಿನ ಮೊದಲ ವಾರ ಸಿಸಿಲಿಯಾ ಆಸ್ಪತ್ರೆಯಿಂದ ಬಂದವಳು ಕುರ್ಚಿಯಲ್ಲಿ ಕುಸಿದಳು. ಫರ್ವಾನಿಯಾದ ಒಂದು ಮುಚ್ಚಿದ ಶಾಲೆಯಲ್ಲಿ ಬಸ್ಸಿಗಾಗಿ ಕಾಯುತ್ತಿದ್ದ ಜನ ಇದ್ದರು, ಹೆಚ್ಚಿನವರು ಬಾಂಗ್ಲಾದೇಶದ ಕೂಲಿಯವರು, ಕೆಲವರು ಸಂಸಾರಸ್ಥರು. ಅಲ್ಲಿ ವಾಂತಿ ಭೇದಿ ಶುರುವಾಗಿತ್ತು. ಇಬ್ಬರು ಆಗಲೇ ತೀರಿಕೊಂಡಿದ್ದರು. ಆಸ್ಪತ್ರೆಯಲ್ಲಿ ಗ್ಲೂಕೋಸ್ ಬಾಟಲಿಗಳೂ ಇಲ್ಲ, ದಾದಿಯರೂ ಇಲ್ಲ. "ನೆಲದೊಳಗಿನ ತೊಟ್ಟಿಯ ನೀರೇ ಕುಡಿಯುದು ಅವರು. ಪಕ್ಕದಲ್ಲೇ ಗಟಾರ ತುಂಬಿ ಹರೀತಾ ಉಂಟು. ನಾನು ಒಬ್ಬಳು ಎಂತ ಮಾಡ್ಲಿ?"

ನಾವೆಲ್ಲ ಒಂದೇ ದ್ವೀಪವನ್ನು ನೆನೆಯುತ್ತಿದ್ದೇವೆ ಎಂದು ನನಗೆ ಗೊತ್ತಿತ್ತು. ಕಡೆಗೆ ನಾನೇ ಅಂದೆ, "ತೊಟ್ಟಿ ಖಾಲಿ ಮಾಡೋಣ್ರಿ. ತೊಳೆದು, ಬ್ಲೀಚಿಂಗ್ ಪೌಡರ್ ಹಾಕೋಣ. ನೀರಿನ ಕೆಲಸ ನನಗ ಗೊತ್ತದ."

ಪೌಡರ್ ಇದ್ದದ್ದು ನಮ್ಮ ಪ್ಲಾಂಟಿನಲ್ಲಿ, ಪ್ಲಾಂಟಿನ ಗೇಟಿನಲ್ಲಿ ಸೈನಿಕರು. ಮರುದಿನ ಊಟದ ಡಬ್ಬಿಯ ಕೆಳಗಿನ ಖಾನೆಗಳಲ್ಲಿ ಪೌಡರ್ ತುಂಬಿ ಮೇಲಿನ ಖಾನೆಯಲ್ಲಿ ಉಳಿದ ರೊಟ್ಟಿ ಇಟ್ಟೆ. ಗೇಟಿನಲ್ಲಿ ಒಬ್ಬ ಸೈನಿಕ ಮುಚ್ಚಳ ತೆಗೆಸಿ, ವಾಸನೆಗೆ ಮೂಗು ಹಿಂದಕ್ಕೆಳೆದುಕೊಂಡ. ಇದೇನು ಎಂದ. "ಇಂಡಿಯಾದವರ ಊಟ," ಎಂದೆ. ತಿನ್ನು ಎಂದ. ತಿಂದೆ, ಅನ್ನಪೂರ್ಣಾ. ಈಜುಕೊಳದ ಹಾಗೆ ನಾರುವ ಜೋಳದ ರೊಟ್ಟಿಯನ್ನು ಅವನ ಎದುರು ನಿಂತು, ಹೆಂಡತಿ ಈಗಷ್ಟೇ ಬಡಿಸಿದಳೇನೋ ಎಂಬಂತೆ ಪೂರ್ತಿ ತಿಂದೆ. ಅವನು ಕನಿಕರದಿಂದ "ಯಲ್ಲಾ, ಹೋಗು" ಎಂದು ಕೈ ಬೀಸಿದ.

ಸಾಹೇಬರನ್ನು ಕರೆದುಕೊಂಡು ಹೋಗುವ ಮಾತೇ ಇರಲಿಲ್ಲ. ಆದರೆ ಸಿಸಿಲಿಯಾ, "ನೀರು ಶುದ್ಧ ಆದ್ರೆ ಸಾಲದು, ಈಗ ಬಿದ್ದವರಿಗೆ ಉಪ್ಪು ಸಕ್ಕರೆ ನೀರು ಚಮಚ ಚಮಚವಾಗಿ ಕುಡಿಸ್ತಾ ಇರ್ಬೇಕು, ಕೈಗಳು ಬೇಕು" ಎಂದಾಗ ಅವರು ತಮ್ಮ ಎರಡೂ ಕೈಗಳನ್ನು ಮುಂದೆ ಚಾಚಿದರು.

ನಾನು ಬೇಡವೆಂದೆ. ಉಮ್ಮರ್ ಕುಂಞಿ, "ನಿಮ್ಮನ್ನು ಹಿಡಿದ್ರೆ ನಮ್ಮ ಕುತ್ತಿಗೆಯೂ ಹೋಗ್ತದೆ ಸಾಹೇಬ್ರೆ" ಎಂದರು, ಅವರ ಹಿಂದಿ ಇಂಗ್ಲಿಷಿನಲ್ಲಿ. ಸಾಹೇಬರು ಒಪ್ಪಿದರು. "ಸರಿ. ನಿಮ್ಮ ಪ್ರಾಣದ ಮೇಲೆ ನನಗೆ ಹಕ್ಕಿಲ್ಲ. ಆದರೆ ಸಿಕ್ಕಿಬಿದ್ದರೆ ನಾನು ಯಾರ ಮನೆಯಿಂದಲೂ ಬಂದವನಲ್ಲ. ಇದನ್ನು ನಂಬುವುದಾದರೆ ಮಾತ್ರ ಕರೆದುಕೊಂಡು ಹೋಗಿ." ಕೊನೆಗೆ ನಾವೂ ಹೂಂ ಎಂದೆವು. ಆಮೇಲೆ ಸಿಸಿಲಿಯಾ ಎದ್ದು ಹೋಗಿ ಎಲ್ಲಿಂದಲೋ ಒಂದು ಕಪ್ಪು ಅಬಾಯಾ ನಿಲುವಂಗಿ, ಮುಖದ ಪರದೆ ತಂದಳು. ಆರಡಿ ಮುದುಕಿಯೊಬ್ಬಳು ಬೆನ್ನು ಬಾಗಿಸಿ ಬೇಕರಿ ವ್ಯಾನ್ ಹತ್ತಿದಳು.

ಶಾಲೆಯೊಳಗಿನ ವಾಸನೆ ನಾನು ಬರೆಯುವುದಿಲ್ಲ. ಮಿರ್ಕಾಬಿನಲ್ಲಿ ಬಟ್ಟೆ ಹೊಲಿಯುತ್ತಿದ್ದ ಸಿಲ್ಹೆಟ್ ಕಡೆಯ ಒಬ್ಬ ದರ್ಜಿ, ಅವನ ಹೆಂಡತಿ, ಅವರ ಪುಟ್ಟ ಮಗಳು ಅಲ್ಲಿದ್ದರು. ಮಗುವಿನ ಕಣ್ಣು ಒಳಗೆ ಹೋಗಿತ್ತು, ಅಳಲೂ ಶಕ್ತಿಯಿರಲಿಲ್ಲ. ನಾನು ಅದರ ಹತ್ತಿರ ಹೋಗಲಿಲ್ಲ. ಬಕೆಟ್ಟು, ಪೊರಕೆ ಹಿಡಿದು ತೊಟ್ಟಿಗೆ ಇಳಿದೆ. ಕೂಲಿಯವರಲ್ಲಿ ಕಾಲಲ್ಲಿ ಕಸುವಿದ್ದವರು ಸಾಲಾಗಿ ನಿಂತು ನೀರು ಎತ್ತಿ ಹಾಕಿದರು. ಉಮ್ಮರ್ ಕುಂಞಿ ಬೇಕರಿಯಲ್ಲಿ ಕುದಿಸಿದ ನೀರನ್ನು ಕ್ಯಾನುಗಳಲ್ಲಿ ತಂದು ಸುರಿದು ಮತ್ತೆ ಓಡುತ್ತಿದ್ದರು. ಸಾಹೇಬರು ಮೂಲೆಯಲ್ಲಿ ಕೂತು ಆ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಚಮಚದಲ್ಲಿ ನೀರು ಬಿಡುತ್ತಿದ್ದರು. ಕಕ್ಕಿದರೆ ಒರೆಸಿ ಮತ್ತೆ ಒಂದು ಚಮಚ.

ಎರಡನೆಯ ದಿನವೂ ಹೋದೆವು, ಮೂರನೆಯ ದಿನವೂ. ತೊಟ್ಟಿಗೆ ಹೊಸ ನೀರು ತುಂಬಿತು, ಹೊಸಬರು ಕಾಯಿಲೆ ಬೀಳುವುದು ನಿಂತಿತು. ಮಗು ಕಣ್ಣು ತೆರೆದು "ಪಾನಿ" ಎಂದಿತು. ಅದು ಎಲ್ಲರಿಗೂ ಅರ್ಥವಾಗುವ ಮಾತು. ಅದರ ತಾಯಿ ಅತ್ತದ್ದು ನೋಡಿ ಸಿಸಿಲಿಯಾ ಬೈದಳು, "ಈಗ ಅಳುದಾ? ನಗ್ಲಿಕ್ಕಿಲ್ವಾ ಹುಡುಗಿ!" ಹೇಳಿದ ಭಾಷೆ ಕನ್ನಡ. ಅದೂ ಅವಳಿಗೆ ತಿಳಿಯಿತು.

ಆ ಮೂರನೆಯ ದಿನವೇ ಒಬ್ಬ ಇರಾಕಿ ಅಧಿಕಾರಿ ಸೈನಿಕರೊಂದಿಗೆ ಶಾಲೆಗೆ ಬಂದ. ಯಾರು ಯಾರಿದ್ದಾರೆ ನೋಡಿಕೊಂಡು ಹೋಗಲು ಬಂದವನು, ಯಾರ ಮೇಲೂ ಸಂಶಯವಿರಲಿಲ್ಲ. ಸಾಲಾಗಿ ನಡೆದು ಸಾಹೇಬರನ್ನು ದಾಟಿಯೂ ಹೋಗಿದ್ದ. ಆಗ ಮಗು, ಮೂರು ದಿನದಿಂದ ಬೆರಳೆತ್ತಲಾರದೆ ಬಿದ್ದಿದ್ದ ಮಗು, ಕೈ ಎತ್ತಿ ಪರದೆ ಹಿಡಿದು ಎಳೆದು ಕಿಲಕಿಲ ನಕ್ಕುಬಿಟ್ಟಿತು. ಕೆಂಪು ಮೋರೆ, ಬಿಳಿ ಗಡ್ಡ.

ನಾನು ಅಂಗಳದಿಂದ ಓಡಿ ಬರುವಷ್ಟರಲ್ಲಿ ಸಾಹೇಬರು ಎದ್ದು ನಿಂತಿದ್ದರು. ಮಗುವನ್ನು ತಾಯಿಯ ಕೈಗೆ ಕೊಟ್ಟು, ಕೆನ್ನೆ ಚಿವುಟಿ, ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದರು, "ನಾನು ಒಬ್ಬನೇ ನಡೆದು ಬಂದೆ. ಇವರೆಲ್ಲ ನನ್ನನ್ನು ಹೆಂಗಸು ಎಂದುಕೊಂಡಿದ್ದರು." ಅಧಿಕಾರಿ ನನ್ನತ್ತ ತಿರುಗಿ, ಇವನು ಯಾರು ಗೊತ್ತೇ ಎಂದು ಕೇಳಿದ. ಸಾಹೇಬರು ನನ್ನನ್ನು ಹುಟ್ಟಿದಂದಿನಿಂದ ಕಂಡೇ ಇಲ್ಲದವರ ಹಾಗೆ ನೋಡಿದರು. ಅವರ ಮಾತು ಉಳಿಸಲು ನಾನೂ ಹಾಗೇ ನೋಡಬೇಕಾಯಿತು. ನನ್ನ ಜೀವಮಾನದಲ್ಲಿ ಅಷ್ಟು ಕಷ್ಟದ ಕೆಲಸ ಮಾಡಿಲ್ಲ. ಅಷ್ಟರಲ್ಲಿ ಸಿಸಿಲಿಯಾ ಮುಂದೆ ಬಂದು ಅರಬ್ಬಿಯಲ್ಲಿ, "ಇಲ್ಲಿ ಎಲ್ಲರಿಗೂ ಕಾಲರಾ, ಏನನ್ನೂ ಮುಟ್ಟಬೇಡಿ" ಎಂದು ಕೂಗಿದಳು. ಸೈನಿಕರು ಸರಕ್ಕನೆ ಹಿಂದೆ ಸರಿದರು. ಸಾಹೇಬರನ್ನು ಬಂದೂಕಿನ ತುದಿಯಿಂದ ದೂಡಿಕೊಂಡು, ಯಾರನ್ನೂ ಹುಡುಕದೆ ಹೊರಟು ಹೋದರು. ಅಬಾಯಾದ ಕೆಳಗೆ ಅವರ ಕಾಲಲ್ಲಿದ್ದದ್ದು ನನ್ನ ಚಪ್ಪಲಿ.

ಆ ಶಾಲೆಯಲ್ಲಿ ಮತ್ತೆ ಯಾರೂ ಸಾಯಲಿಲ್ಲ. ತಿಂಗಳ ಕೊನೆಗೆ ಅವರ ಬಸ್ಸು ಹೊರಟಿತು. ದರ್ಜಿಯ ಮಗಳು ಕಿಟಕಿಯಲ್ಲಿ ನಿಂತು ಗಾಜಿಗೆ ಮೂಗು ಒತ್ತಿಕೊಂಡಿದ್ದಳು. ಸಿಲ್ಹೆಟ್‌ನಲ್ಲಿ ಈಗ ಯಾರದೋ ಅಂಗಳದಲ್ಲಿ ಕೋಳಿ ಅಟ್ಟುತ್ತಿರಬೇಕು.

ಡಿಸೆಂಬರಿನಲ್ಲಿ "ಅತಿಥಿ"ಗಳನ್ನೆಲ್ಲ ಬಿಟ್ಟರು ಎಂದು ರೇಡಿಯೋ ಹೇಳಿತು. ನಮ್ಮ ಅತಿಥಿಯ ಸುದ್ದಿ ಇಲ್ಲ. ಜನವರಿಯಲ್ಲಿ ಬಾಂಬು ಬೀಳತೊಡಗಿತು. ಆ ದಿನಗಳ ವಿಷಯ ಎದುರು ಕೂತು ಹೇಳುತ್ತೇನೆ, ಕಾಗದ ಸಾಲದು. ಇಷ್ಟು ಮಾತ್ರ: ನಾನು, ಸಿಸಿಲಿಯಾ, ಉಮ್ಮರ್ ಕುಂಞಿ ನಮ್ಮ ಅಡುಗೆಮನೆಯಲ್ಲೇ ಇದ್ದೆವು. ಅವರ ನಮಾಜು, ಇವಳ ಜಪಮಾಲೆ, ನನ್ನ ಲಿಂಗಪೂಜೆ ಎಲ್ಲ ಒಂದೇ ಗೋಡೆಗೆ. ಕಿಟಕಿ ನಡುಗಿದಾಗಲೆಲ್ಲ ಉಮ್ಮರ್ ಕುಂಞಿ, "ಹೇಳಿ ಸಂಗಪ್ಪಣ್ಣ, ಆ ಚರ್ಮದ ಚೀಲದ ಮೇಲೆ ಕೂತು ಬಂದವನ ಕಥೆ ಇನ್ನೊಮ್ಮೆ ಹೇಳಿ" ಅನ್ನುತ್ತಿದ್ದರು. ಎಷ್ಟು ಸಲ ಹೇಳಿದೆನೋ. ಇನ್ನು ಅವರು ಉಪ್ಪಳದಲ್ಲಿ ಮೊಮ್ಮಕ್ಕಳಿಗೆ ಹೇಳುತ್ತಾರೆ. ಇಡೀ ಜನವೇ ಹೋಯಿತು ಎಂದ ಮೇಲೂ ಅವರ ಕಥೆ ಕಾಸರಗೋಡಿನವರೆಗೆ ಬಂದು ಮುಟ್ಟುತ್ತದೆ ಎಂದರೆ ಅದನ್ನು ಏನೆನ್ನಬೇಕು?

ಕಳೆದ ಗುರುವಾರ ಬೆಳಿಗ್ಗೆ ಬಾಗಿಲು ಬಡಿದ ಸದ್ದು. ತೆಗೆದರೆ ಬೊನವೆಂಚರ್ ಸಾಹೇಬರು. ತೆಳ್ಳಗಾಗಿದ್ದಾರೆ, ಗಡ್ಡ ಬೋಳಿಸಿದ್ದಾರೆ, ಕೈಯಲ್ಲಿ ಹೊಸ ಚಪ್ಪಲಿಯ ಜೋಡಿ. "ನಿನ್ನದನ್ನು ಇರಾಕಿನಲ್ಲಿ ಸವೆಸಿಬಿಟ್ಟೆ" ಎಂದರು. ತಬ್ಬಿಕೊಂಡು ನಿಂತೆ. ಅವರನ್ನು ಒಂದು ವಿದ್ಯುತ್ ಸ್ಥಾವರದಲ್ಲಿ ಇಟ್ಟಿದ್ದರಂತೆ, ಬಾಂಬು ಹಾಕುವವರು ಹೆದರಲಿ ಎಂದು. ಡಿಸೆಂಬರಿನಲ್ಲಿ ಬಿಟ್ಟ ಮೇಲೆ ಊರಿಗೆ ಹೋಗಿ, ಮಗಳ ಮನೆಯಲ್ಲಿ ಹಿಮ ನೋಡುತ್ತಾ ಕೂತವರಿಗೆ ಇಲ್ಲಿಯ ನೀರಿನ ಪ್ಲಾಂಟುಗಳ ರಿಪೇರಿಗೆ ಜನ ಬೇಕು ಎಂದು ಕರೆ ಬಂತಂತೆ. ಮೊದಲು ಕೇಳಿದ್ದು, "ಆ ಹುಡುಗಿ?" ಹೇಳಿದೆ. ಎರಡನೆಯದು, "ರೊಟ್ಟಿ ಇದೆಯಾ?" ಸಿಸಿಲಿಯಾ ಓಡಿ ಬಂದು ಅವರ ತೋಳಿಗೆ ಎರಡು ಏಟು ಕೊಟ್ಟು, ನಗುತ್ತಲೇ ಅತ್ತಳು.

ನಾಡಿದ್ದಿನಿಂದ ನಾವಿಬ್ಬರೂ ಪ್ಲಾಂಟಿನಲ್ಲಿ ಒಟ್ಟಿಗೆ ಕೆಲಸಕ್ಕೆ ಇಳಿಯುತ್ತೇವೆ. ಜೂನಿನಲ್ಲಿ ರಜೆ ಕೊಡುತ್ತಾರಂತೆ. ಊರಿಗೆ ಬಂದು ನಿಮ್ಮನ್ನು ನೋಡುತ್ತೇನೆ. ಶಾಲೆಗಳು ತೆರೆದ ಮೇಲೆ ನಾವು ಮೂವರೂ ಇಲ್ಲಿಗೆ ಬರುವುದೋ, ನಾನೇ ಗಂಟುಮೂಟೆ ಕಟ್ಟುವುದೋ ಎಂಬುದನ್ನು ನೀನೂ ನಾನೂ ಕೂತು ಮಾತಾಡೋಣ. ಈ ಸಲ ನಿನ್ನ ಮಾತೇ ನಡೆಯಲಿ. ಸಾಕ್ಷಿ ಅಲ್ಲಿ ಮಕ್ಕಳೊಂದಿಗೆ ಇಂಗ್ಲಿಷ್ ಬಿಟ್ಟು ಕನ್ನಡದಲ್ಲೇ ಜಗಳ ಆಡುತ್ತಾಳೆ ಎಂದು ಕೇಳಿದೆ. ಸಂತೋಷವಾಯಿತು. ಆಡಲಿ ಬಿಡು. ಅವಳ ಮಂಚವನ್ನು ಒಬ್ಬ ಕೆನಡಾದ ಅಜ್ಜ ಬಳಸಿದ್ದಾರೆ, ಕಾಲು ಸ್ವಲ್ಪ ಅಲುಗುತ್ತದೆ, ರಿಪೇರಿ ಮಾಡಿಸುತ್ತೇನೆ ಎಂದು ಹೇಳು.

ನಿಮ್ಮಿಬ್ಬರ ಮೈಗೆ ಒಂದು ಮುಳ್ಳೂ ತಾಗದಿರಲಿ. ಉಣ್ಣುವ ಅನ್ನ, ಕುಡಿಯುವ ನೀರು ತಣ್ಣಗೆ ಇಳಿಯಲಿ. ಶರಣರ ಕೃಪೆ ನಿಮ್ಮ ಮೇಲಿರಲಿ.

ಎಂದೆಂದಿಗೂ ನಿನ್ನ
ಸಂಗಪ್ಪ

ತಾ.ಕ.: ಸಹಿ ಹಾಕಿ ಮಡಿಸಿಟ್ಟಿದ್ದೆ. ಮತ್ತೆ ಬಿಚ್ಚಿದೆ. ಅಭಿನಂದನನ ಹೆಸರು ನಮ್ಮ ಮನೆಯಲ್ಲಿ ಯಾರೂ ಎತ್ತದೆ ಹನ್ನೆರಡು ವರ್ಷವಾಯಿತು. ನಿನಗೆ ನೋವಾದೀತೆಂದು ನಾನು ಎತ್ತಲಿಲ್ಲ, ನನಗೆ ನೋವಾದೀತೆಂದು ನೀನು ಎತ್ತಲಿಲ್ಲ. ನಾನು ರಜೆಗೆ ಬಂದಾಗ ಅವನು ಇನ್ನೂ ಅಂಗಾತ ಮಲಗಿ ಕಾಲು ಬಡಿಯುವ ಕೂಸು. ಮುಂದಿನ ರಜೆಯ ಹೊತ್ತಿಗೆ ಅವನಿರಲಿಲ್ಲ. ಅವನಿಗೆ ಮಾತು ಬಂದಿತ್ತು ಎಂದು ಅವ್ವ ಒಮ್ಮೆ ಅಂದಿದ್ದಳು, ಏನು ಮಾತು ಎಂದು ಹೇಳುವ ಮೊದಲೇ ಸೆರಗು ಬಾಯಿಗೊತ್ತಿಕೊಂಡು ಒಳಗೆ ಹೋದಳು. ಈಗ ಅವ್ವನೂ ಇಲ್ಲ. ಅವನ ಮಾತು ಕಿವಿಯಾರೆ ಕೇಳಿದವಳು ನೀನೊಬ್ಬಳೇ ಉಳಿದಿರುವುದು. ನೀರಿಗೆ ಏನೆನ್ನುತ್ತಿದ್ದ? ನಿನ್ನನ್ನು ಹೇಗೆ ಕರೆಯುತ್ತಿದ್ದ? ಆ ಕಾಯಿಲೆ ಬೀಳುವ ಮೊದಲು ಎಷ್ಟು ಮಾತು ಕಲಿತಿದ್ದನೋ, ಎಲ್ಲವನ್ನೂ ಅವನು ಆಡಿದ ಹಾಗೆಯೇ, ತಿದ್ದದೆ, ಬರೆದು ಕಳಿಸು ಅನ್ನಪೂರ್ಣಾ. ನಾನೂ ಕಲಿತುಕೊಳ್ಳುತ್ತೇನೆ. ಜೂನಿನಲ್ಲಿ ಬಂದಾಗ ನಾವಿಬ್ಬರೂ ಸಾಕ್ಷಿಯನ್ನು ಕೂರಿಸಿಕೊಂಡು ಅವಳ ಅಣ್ಣನ ಮಾತು ಅವಳಿಗೆ ಹೇಳಿಕೊಡೋಣ.